ಕಸ್ತೂರಕ್ಕನ ದಿಲ್ಲಿ

ಕಸ್ತೂರಕ್ಕಾ, ದಿಲ್ಲಿಗೆ ಹೋಗಬೇಕಾಗಿದ್ದವಳು ನೀನು. ನಾನು ಸುಳ್ಳು ಹೇಳಿ ಹೋದೆ.

ನಮ್ಮ ಕುಲಗೋಡದ ಮಹಿಳಾ ಸಂಘದಿಂದ ಒಬ್ಬರಿಗೆ ದಿಲ್ಲಿ ತೋರಿಸುತ್ತೇವೆಂದು ಸರಕಾರದಿಂದ ಪತ್ರ ಬಂದಾಗ ಎಲ್ಲರೂ ಒಂದೇ ಬಾಯಲ್ಲಿ ನಿನ್ನ ಹೆಸರು ಹೇಳಿದರು. ಸಂಘ ಕಟ್ಟಿದವಳು ನೀನು — ಕಬ್ಬಿನ ಹೊಲದಿಂದ ಬಂದು, ಕೈಕಾಲು ತೊಳೆದು, ಮನೆಮನೆ ತಿರುಗಿದವಳು. ಓದು ಬಲ್ಲವಳೆಂದು ಪತ್ರ ಓದಿ ಹೇಳುವ ಕೆಲಸ ನನ್ನದು. ಓದುತ್ತ ಓದುತ್ತ ಹೊಟ್ಟೆಕಿಚ್ಚೋ, ಆಸೆಯೋ... ಇಲ್ಲದ ಸಾಲೊಂದನ್ನು ಸೇರಿಸಿಬಿಟ್ಟೆ: "ಹೋಗಾವ್ರಿಗೆ ಹಿಂದಿ ಬರಾಕ ಬೇಕಂತ." ಸಂಘದಲ್ಲಿ ಅಷ್ಟಿಷ್ಟು ಹಿಂದಿ ಬರುತ್ತಿದ್ದುದು ನನಗೊಬ್ಬಳಿಗೇ.

"ಹಂಗಾದ್ರ ನೀ ಹೋಗವ್ವಾ ಶಾಂತಾ. ನೀ ನೋಡಿದ್ರ ನಾ ನೋಡಿದಂಗ," ಎಂದು ನೀನು ನಕ್ಕುಬಿಟ್ಟೆ.

ಹೊರಡುವ ದಿನ ನನ್ನ ಉಡಿ ತುಂಬಿದವಳು ನೀನೇ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದವಳೂ ನೀನೇ.

ಆ ದಿಲ್ಲಿ — ಹೇಗೆ ಹೇಳಲಿ! ಕುತುಬ್ ಮಿನಾರಿನ ತುದಿ ನೋಡಲು ಕತ್ತೆತ್ತಿದರೆ ತಲೆ ಮೇಲಿನ ಸೆರಗು ಜಾರಿತು. ಕೆಂಪುಕೋಟೆಯ ಗೋಡೆಗೆ ಮಳೆಗಾಲದ ಘಟಪ್ರಭೆಯ ಬಣ್ಣ. ಇಂಡಿಯಾ ಗೇಟಿನ ಕಲ್ಲಿನ ತುಂಬ ಮಡಿದ ಸಿಪಾಯಿಗಳ ಹೆಸರು. ಓದುತ್ತ ಕಣ್ಣು ತುಂಬಿತು. ರಾಷ್ಟ್ರಪತಿ ಭವನದ ಕಡೆ ಹೋಗುವ ಆ ಅಗಲವಾದ ದಾರಿಯಲ್ಲಿ ನಡೆಯುವಾಗ ಈ ದೇಶ ನನ್ನದೂ ಹೌದು ಅನಿಸಿ ಎದೆ ಉಬ್ಬಿತು. ಅಲ್ಲೇ ಹುಲ್ಲಿನ ಮೇಲೆ ಕೂತು ನಿನ್ನ ಬುತ್ತಿ ಬಿಚ್ಚಿದೆ. ಹುಕ್ಕೇರಿಯ ಸಂಘದಿಂದ ನಮ್ಮ ಜೊತೆ ಬಂದಿದ್ದ ಹೆಣ್ಣುಮಗಳೊಬ್ಬಳು ರೊಟ್ಟಿ ಮುರಿಯುತ್ತ ಅಂದಳು: "ನನಗ ಹಿಂದಿ ಒಂದಕ್ಷರ ಬರಂಗಿಲ್ರಿ. ಆದ್ರೂ ಏನ್ ಛಂದ ನೋಡಿದ್ನಿ!"

ಕೈಯಲ್ಲಿದ್ದ ರೊಟ್ಟಿಯನ್ನು ಮತ್ತೆ ಬುತ್ತಿಯಲ್ಲಿಟ್ಟು ಗಂಟು ಕಟ್ಟಿದೆ.

ಊರಿಗೆ ಬಂದ ಮೇಲೆ ನೀನು ಕೇಳಿ ಕೇಳಿ ಹೇಳಿಸಿಕೊಂಡೆ. ಕೋಟೆ ಎಷ್ಟು ದೊಡ್ಡದು, ಮಿನಾರು ಎಷ್ಟು ಎತ್ತರ — ಮಗುವಿನ ಹಾಗೆ. ಆಗಲೇ ನಿಜ ಹೇಳಬಹುದಿತ್ತು... ಹೇಳಲಿಲ್ಲ. ಹನ್ನೆರಡು ವರ್ಷ ಹೇಳಲಿಲ್ಲ.

ಮೊನ್ನೆ ನಿನ್ನ ಮೊಮ್ಮಗಳು, ದಿಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಬಾ ಎಂದಾಗ ನಾನೂ ಅಲ್ಲಿದ್ದೆ. ನೀನು ಒಲ್ಲೆ ಎಂದೆ: "ಹಿಂದಿ ಬರದವ್ರು ಅಲ್ಲಿ ಹೋಗಿ ಏನ್ ಮಾಡೂದವ್ವಾ?"

ಒಂದೇ ಒಂದು ಸಲ ನಿನಗೆ ಅಡ್ಡ ಬಂದೆ ಎಂದುಕೊಂಡಿದ್ದೆ. ನನ್ನ ಸುಳ್ಳು ಇನ್ನೂ ನಿನ್ನ ದಾರಿಯಲ್ಲೇ ನಿಂತಿದೆ.

ಆ ಸುಳ್ಳು ಸಾಲನ್ನು ಎಲ್ಲರೆದುರು ಓದಿದ್ದೆ. ನಿಜವನ್ನು ನಿನ್ನ ಕಿವಿಯಲ್ಲಷ್ಟೇ ಹೇಳಿ ತಪ್ಪಿಸಿಕೊಳ್ಳಲಾರೆ. ಮಂಗಳವಾರ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ. ಆಮೇಲೆ ನನ್ನ ಜೊತೆ ಮಾತು ಬಿಟ್ಟರೂ ಸರಿ, ಅಕ್ಕಾ — ದಿಲ್ಲಿಗೆ ಹೋಗಿ ಬಾ.