ಕಾಲುಚೀಲದೊಳಗಿನ ಬಲ್ಬು

ಹಿಲ್ಕಾ ಕೆಸ್ಕಿತಾಲೋಗೆ ವಿದ್ಯುತ್ತಿನ ಗಂಧಗಾಳಿ ಇಲ್ಲವೆಂದು ನಾನು ನಾಲ್ಕು ವರ್ಷ ನಂಬಿದ್ದೆ. ಸೊದಾನ್‌ಕ್ಯುಲೆ ಪಟ್ಟಣದ ಉತ್ತರಕ್ಕಿರುವ ನಮ್ಮ ಹಿಮನಾಡಿನ ಹಳ್ಳಿಯಲ್ಲಿ ಕೆಟ್ಟ ಗಾಡಿಗಳೆಲ್ಲ ಅವಳ ಶೆಡ್ಡಿಗೇ ಹೋಗುತ್ತವೆ. ಕರೆಂಟಿನ ದೋಷ ಹುಡುಕಲು ಅವಳ ಬಳಿ ಇದ್ದದ್ದು ಒಂದು ಉಣ್ಣೆಯ ಕಾಲುಚೀಲ. ಅದರೊಳಗೆ ಅವಳ ಅಪ್ಪನ ಟ್ರ್ಯಾಕ್ಟರಿನ ಮುಂದೀಪದ ಬಲ್ಬು, ಬಲ್ಬಿಗೆ ಬೆಸೆದ ಎರಡು ವೈರು. ಅಷ್ಟೇ. ನನ್ನ ಬಳಿಯೋ ಅಂಕಿ ಮೂಡುವ ಹಳದಿ ಮೀಟರ್ ಇತ್ತು, ಅದಕ್ಕೊಂದು ಚರ್ಮದ ಚೀಲವೂ ಇತ್ತು. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ಅಷ್ಟಾದರೂ ಬೇಡವೆ? ಪಾಪ, ಮೀಟರ್ ಓದಲು ಬಾರದೆಂದು ಕನಿಕರಪಟ್ಟು, ಬಿಡುವಿದ್ದಾಗ ಕಲಿಸಿಕೊಡುತ್ತೇನೆಂದು ಒಮ್ಮೆ ಹೇಳಿಯೂ ಇದ್ದೆ. ಅವಳು ಕಾಫಿ ಪೂರ್ತಿ ಕುಡಿದು, ಯೋಚಿಸಿ, "ಇನ್ನೊಂದು ಲೋಟ ಹಾಕ್ಲಾ?" ಎಂದಿದ್ದಳು.

ಆ ಜನವರಿಯಲ್ಲಿ ಸರೋವರದ ದಂಡೆಯಲ್ಲಿರುವ ನನ್ನ ಭಾವನ ಮೀನಿನ ಮನೆಯ ಜನರೇಟರ್ ಕೆಟ್ಟಿತು. ಹಿಲ್ಕಾಳನ್ನು ನನ್ನ ಡೀಸೆಲ್ ಕಾರಿನಲ್ಲೇ ಕರೆದೊಯ್ದೆ. ಕಾರು ಇಡೀ ರಾತ್ರಿ ಬೆಚ್ಚನೆಯ ಗ್ಯಾರೇಜಿನಲ್ಲಿತ್ತು. ಹತ್ತುವಾಗ ಅವಳು ನನ್ನ ಪಾದಗಳನ್ನು ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ನಾನು ತೆಳು ಚರ್ಮದ ಬೂಟು ಹಾಕಿದ್ದೆ. ಹೊಳಪು ಮೆಚ್ಚಿರಬೇಕು ಎಂದುಕೊಂಡೆ.

ಜನರೇಟರ್ ಸರಿಯಾಯಿತು. ಅಷ್ಟರಲ್ಲಿ ಕಾರು ಮೂರು ಗಂಟೆ ಬಯಲಿನಲ್ಲಿ ನಿಂತಿತ್ತು. ವಾಪಸು ಬರುವಾಗ ಮಧ್ಯಾಹ್ನ, ಎಂದರೆ ಸೂರ್ಯ ಹುಟ್ಟದ ಆ ತಿಂಗಳಿನ ಎರಡು ಗಂಟೆಯ ನೀಲಿ ಬೆಳಕು. ದೊಡ್ಡ ಜೌಗಿನ ನಟ್ಟನಡುವೆ ಎಂಜಿನ್ ಮೂರು ಸಲ ಕೆಮ್ಮಿ ನಿಂತಿತು.

ಮೈನಸ್ ಮೂವತ್ತಾರು ಡಿಗ್ರಿ. ಹತ್ತಿರದ ಮನೆ ಹದಿನಾಲ್ಕು ಕಿಲೋಮೀಟರು ದೂರ. ಫೋನಿಗೆ ಸಿಗ್ನಲ್ ಇಲ್ಲ. ಬೆಂಕಿ ಹಚ್ಚೋಣವೆಂದರೆ ಜೌಗಿನಲ್ಲಿ ಒಂದು ಕಡ್ಡಿಯೂ ಇಲ್ಲ. ಶನಿವಾರದ ತನಕ ಆ ದಾರಿಯಲ್ಲಿ ಯಾರೂ ಬರುವುದಿಲ್ಲ, ಅಂದು ಮಂಗಳವಾರ.

"ಡೀಸೆಲ್ ಎಲ್ಲಿ ಹಾಕಿಸಿದ್ರಿ, ಮೇಷ್ಟ್ರೇ?"

"ದಕ್ಷಿಣಕ್ಕೆ ಹೋಗಿದ್ನಲ್ಲ, ಅಲ್ಲಿ."

"ಅಲ್ಲಿಯ ಎಣ್ಣೆ ಈ ಚಳಿಗೆ ಮೇಣವಾಗತ್ತೆ. ಫಿಲ್ಟರ್ ಕಟ್ಟಿದೆ."

"ಅದಕ್ಕೇ ಫಿಲ್ಟರಿನಲ್ಲಿ ಕರೆಂಟಿನ ಹೀಟರ್ ಇದೆಯಲ್ಲ."

"ಅದು ಕೆಲಸ ಮಾಡಿದ್ರೆ ನಾವಿಲ್ಲಿ ಮಾತಾಡ್ತಾ ನಿಲ್ತಿರ್ಲಿಲ್ಲ."

ಬಾನೆಟ್ ಎತ್ತಿದೆವು. ಫ್ಯೂಸು ನೆಟ್ಟಗಿತ್ತು. ನಾನು ಮೀಟರ್ ತೆಗೆದು, ಹೀಟರಿನ ಪ್ಲಗ್ಗು ಕಳಚಿ, ವೈರಿನ ಕಡೆಯ ಎರಡು ತುದಿಗಳ ನಡುವೆ ಹಿಡಿದೆ. ಹನ್ನೆರಡು ವೋಲ್ಟ್.

"ಕರೆಂಟು ಪೂರ್ತಿ ಬರ್ತಿದೆ," ಎಂದು ತರಗತಿಯ ಗಂಟಲಿನಲ್ಲಿ ಸಾರಿದೆ. "ಹಾಗಾದ್ರೆ ಹೀಟರೇ ಸುಟ್ಟಿದೆ."

ಹೇಳಿದ ಮೇಲೆ ಅದರ ಅರ್ಥ ಹೊಳೆಯಿತು. ಸುಟ್ಟ ಹೀಟರಿಗೆ ಇಲ್ಲಿ ಬದಲಿ ಇಲ್ಲ. ನನ್ನ ತೀರ್ಪು ಸರಿಯಾದರೆ ಕಾರು ಹೊರಡುವುದಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಮಾತು ತಪ್ಪಾಗಲಿ ಎಂದು ಬೇಡಿಕೊಂಡೆ. ಅಷ್ಟು ಹೊತ್ತು ಸೂಜಿ ಚುಚ್ಚಿದಂತೆ ನೋಯುತ್ತಿದ್ದ ಕಾಲ್ಬೆರಳುಗಳು ನೋಯುವುದನ್ನು ನಿಲ್ಲಿಸಿದ್ದವು. ನೋವಿಗಿಂತ ಆ ನೆಮ್ಮದಿಯೇ ನನ್ನನ್ನು ಹೆಚ್ಚು ಹೆದರಿಸಿತು.

"ಕಾಲು ಕುಣಿಸ್ತಾ ಇರಿ," ಎಂದಳು ಹಿಲ್ಕಾ. "ನಿಲ್ಲಿಸ್ಬೇಡಿ. ನಮ್ಮಪ್ಪ ಹೀಗೇ ಟ್ರ್ಯಾಕ್ಟರ್ ಹತ್ರ ನಿಂತು ಎರಡು ಬೆರಳು ಕಾಡಲ್ಲೇ ಬಿಟ್ಟು ಬಂದ."

ಅವಳು ಕಾಲುಚೀಲದಿಂದ ಬಲ್ಬು ತೆಗೆದು, ನಾನು ಮೀಟರ್ ಹಿಡಿದಿದ್ದ ಅದೇ ತುದಿಗಳಿಗೆ ವೈರು ಮುಟ್ಟಿಸಿದಳು. ಬಲ್ಬು ಉರಿಯಲಿಲ್ಲ.

"ಬಲ್ಬೂ ಹೋಯ್ತಾ?" ಎಂದೆ.

"ಮೇಷ್ಟ್ರೇ, ನಿಮ್ಮ ಮೀಟರ್ ಕರೆಂಟು ಕುಡಿಯೋದಿಲ್ಲ. ವಾಸನೆ ನೋಡಿ ಬಾಟ್ಲಿ ತುಂಬಿದೆ ಅನ್ನತ್ತೆ. ಹೀಟರ್ ನಮ್ಮ ತಾವೆತ್ತಿ ಇದ್ದ ಹಾಗೆ, ಗಟಗಟ ಕುಡಿಯತ್ತೆ. ಈ ಬಲ್ಬೂ ಅಷ್ಟೇ. ಬಾಟ್ಲಿ ನೋಡೋಕೆ ಕುಡುಕನನ್ನೇ ಕಳಿಸ್ಬೇಕು." ತಾವೆತ್ತಿ ಎಂದರೆ ನನ್ನ ಭಾವ.

ಅವಳು ಒಂದು ವೈರನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ನೇರ ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದಳು. ಬಲ್ಬು ಝಗ್ಗನೆ ಹೊತ್ತಿತು. ಹಿಮದ ಮೇಲೆ ನಮ್ಮಿಬ್ಬರ ನೆರಳು ಬಿತ್ತು.

"ಬರೋ ದಾರಿ ಸರಿ ಇದೆ. ವಾಪಸ್ ಹೋಗೋ ದಾರಿ ಕಟ್ಟಿದೆ. ಅರ್ತ್ ಇಲ್ಲ."

ಕಂದು ವೈರನ್ನು ಬೆರಳಲ್ಲೇ ಹಿಂಬಾಲಿಸಿ ಕೆಳಗೆ ಬಗ್ಗಿದಳು. ವೈರು ಕಾರಿನ ಮೈಗೆ ಸೇರುವ ಬೋಲ್ಟಿನ ಹತ್ತಿರ ಮೂಗು ತಂದು ವಾಸನೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಪೈನ್ ಟಾರು. ಇದರೊಳಗೆ ಕರೆಂಟು ತೊಟ್ಟಿಕ್ಕತ್ತೆ ಅಷ್ಟೇ, ಹರಿಯಲ್ಲ."

ಅಕ್ಟೋಬರಿನಲ್ಲಿ, ತುಕ್ಕು ಹಿಡಿಯದಿರಲಿ ಎಂದು, ನನ್ನಜ್ಜ ದೋಣಿಗೆ ಬಳಿಯುತ್ತಿದ್ದ ಹಾಗೆ ಕಾರಿನ ಅಡಿಗೆಲ್ಲ ಪೈನ್ ಮರದ ಈ ಕಪ್ಪು ಅಂಟು ಬಳಿದಿದ್ದೆ. ಬಾನೆಟ್ಟಿನೊಳಗಿನ ಬೋಲ್ಟುಗಳನ್ನೂ ಬಿಚ್ಚಿ, ಬುಡಕ್ಕೆ ದಪ್ಪಗೆ ಮೆತ್ತಿ, ಮತ್ತೆ ಬಿಗಿದಿದ್ದೆ. ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದೆ ಕೂಡ.

"ಬ್ರಷ್ ಹಿಡಿಯೋಕೆ ಮುಂಚೆ ಯಾರನ್ನಾದ್ರೂ ಕೇಳಿದ್ರಾ?"

"ಇಲ್ಲ."

ಅವಳು ಕೈಗವಸು ಕಳಚಿ, ಬೋಲ್ಟು ಬಿಚ್ಚಿ, ಚೂರಿಯಿಂದ ಟಾರು ಕೆರೆದಳು. ಬರಿಗೈ ಬಿಳುಚುತ್ತ ಬಂದಾಗಲೆಲ್ಲ ಕಂಕುಳಲ್ಲಿಟ್ಟು, ನೂರು ಎಣಿಸಿ, ಮತ್ತೆ ಕೆರೆದಳು. ಬೆತ್ತಲೆ ಲೋಹ ಮಿನುಗಿದ ಮೇಲೆ ಬಿಗಿದಳು. ಪ್ಲಗ್ಗಿನ ತುದಿಗಳಿಗೆ ಬಲ್ಬು ಇಟ್ಟಳು. ಉರಿಯಿತು. ಪ್ಲಗ್ಗು ಸೇರಿಸಿದಳು.

"ಹತ್ತು ನಿಮಿಷ ಕಾಯ್ಬೇಕು. ಕೀಲಿ ಬರೀ ತಿರುಗಿಸಿಡಿ, ಸ್ಟಾರ್ಟ್ ಮಾಡ್ಬೇಡಿ. ಈ ಚಳಿಗೆ ಬ್ಯಾಟರಿ ಒಂದೇ ಸಲ ಎಳೆಯತ್ತೆ. ಎರಡನೇ ಸಲ ಇಲ್ಲ."

ಆ ಹತ್ತು ನಿಮಿಷದಲ್ಲಿ ನೀಲಿ ಬೆಳಕು ಬೂದಿಯಾಯಿತು. ಅವಳು ನನ್ನ ಬೂಟು ಕಿತ್ತು, ಪಾದಗಳನ್ನು ತನ್ನ ಕೋಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂತಳು. ಸಂಕೋಚಪಡಲೂ ನನಗೆ ತ್ರಾಣವಿರಲಿಲ್ಲ. ಗಾಜಿನ ಒಳಮೈಗೆ ನಮ್ಮ ಉಸಿರು ಹೆಪ್ಪುಗಟ್ಟುವುದನ್ನೇ ನೋಡುತ್ತಿದ್ದೆ.

"ಈಗ," ಎಂದಳು.

ಕೀಲಿ ತಿರುಗಿಸಿದೆ. ಎಂಜಿನ್ ನರಳಿತು, ನಿಧಾನವಾಯಿತು, ಇನ್ನೂ ನಿಧಾನವಾಯಿತು. ಇನ್ನೇನು ನಿಂತಿತು ಅನ್ನುವಾಗ ಒಂದು ಸಿಲಿಂಡರು ಹೊತ್ತಿಕೊಂಡಿತು, ಆಮೇಲೆ ಉಳಿದವು.

ಕಾಲ್ಬೆರಳುಗಳಿಗೆ ನೋವು ಮರಳಿದಾಗ ನಾನು ಮಗುವಿನ ಹಾಗೆ ಅತ್ತೆ. ಅವಳು ಬಲ್ಬನ್ನು ಒರೆಸಿ ಕಾಲುಚೀಲದೊಳಗೆ ತೂರಿಸಿದಳು, ಸ್ಟಿಯರಿಂಗ್ ತಾನೇ ಹಿಡಿದಳು. ಹಳ್ಳಿಯ ದೀಪ ಕಂಡದ್ದೇ ನನ್ನ ನಾಲಿಗೆಗೂ ಜೀವ ಬಂತು.

"ನಿನ್ನಂಥವಳಿಗೆ ಭಯ ಅನ್ನೋದು ಆಗತ್ತಾ, ಹಿಲ್ಕಾ? ಇವತ್ತು ಒಂದು ಕ್ಷಣವಾದ್ರೂ ಹೆದರಿದ್ಯಾ?"

"ಬೆಳಿಗ್ಗೆ ನಿಮ್ಮ ಬೂಟು ನೋಡಿದಾಗಿಂದ," ಎಂದಳು.