ಕೊಲಂಬೋಗೆ ಮೂರು ಜನ

ಚನ್ನರಾಯಪಟ್ಟಣದ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಅನಂತಮ್ಮ ಎಂದರೆ ಗೊತ್ತಿಲ್ಲದವರಿರಲಿಲ್ಲ. ಗೊತ್ತಿದ್ದವರೆಲ್ಲ ಅವರ ಎದುರು ಒಂದಿಷ್ಟು ಹುಷಾರಾಗಿಯೇ ಮಾತಾಡುತ್ತಿದ್ದರು. ದಾರಿಯಲ್ಲಿ ಯಾರಾದರೂ ಚೆನ್ನಾಗಿದ್ದೀರಾ ಎಂದು ಕೇಳಿದರೆ ಸಾಕು, ಇವರು ಮನೆಗೆ ಬಂದು ಅವರು ಹಾಗೆ ಯಾಕೆ ಕೇಳಿದರು ಎಂದು ಊಟದ ಹೊತ್ತಿನವರೆಗೂ ತಲೆ ಕೆಡಿಸಿಕೊಳ್ಳುವರು. ಗಂಡ ಧರಣೇಂದ್ರಯ್ಯನವರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಆ ಹಿತ್ತಾಳೆ ತಾಮ್ರದ ವ್ಯಾಪಾರವನ್ನು ಒಬ್ಬರೇ ಹೆಗಲ ಮೇಲೆ ಹೊತ್ತವರು. ಅಂಗಡಿಗೆ ಬಂದ ಪ್ರತಿ ಕೊಳಗವನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ, ಎಲ್ಲೋ ಬೆಸುಗೆ ಹಾಕಿ ಮುಚ್ಚಿದ್ದಾರೆ ಎನ್ನುವರು. ಹತ್ತರಲ್ಲಿ ಒಂದಕ್ಕೆ ಬೆಸುಗೆ ಇದ್ದೂ ಇರುತ್ತಿತ್ತು. ಆ ಒಂದೇ ಅವರನ್ನು ಕೆಡಿಸಿತು ಎಂದು ನನಗನ್ನಿಸುತ್ತದೆ. ಉಳಿದ ಒಂಬತ್ತನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಮಗ ಧನ್ಯಕುಮಾರ್ ಮೈಸೂರಿನಲ್ಲಿ ಓದಿ ಬಂದು ಅಂಗಡಿಯಲ್ಲಿ ಕೂತ. ಹಾಸನದಿಂದ ಸೊಸೆ ಬಂದಳು. ರಾಜೀಮತಿ ಇಂಗ್ಲಿಷ್ ಕಲಿತವಳು, ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಜೈನರ ಮನೆಯ ಕಟ್ಟಳೆಯಂತೆ ನೀರನ್ನು ಬಟ್ಟೆಯಲ್ಲಿ ಸೋಸುವುದರಿಂದ ಹಿಡಿದು ಹೊತ್ತು ಮುಳುಗುವ ಮುಂಚೆ ಎಲ್ಲರಿಗೂ ಬಡಿಸುವವರೆಗೆ ಮೂರು ವರ್ಷದಲ್ಲಿ ಒಂದು ತಪ್ಪೂ ಮಾಡಿರಲಿಲ್ಲ. ಅನಂತಮ್ಮನಿಗೆ ಇರಿಸುಮುರಿಸಾಗುತ್ತಿದ್ದುದೇ ಅದಕ್ಕೆ. ಇಷ್ಟು ಸರಿಯಾಗಿರುವವರು ಒಳಗೆ ಏನೋ ಇಟ್ಟುಕೊಂಡೇ ಇರುತ್ತಾರೆ ಎಂದು ಅವರ ನಂಬಿಕೆ. ರಾಜೀಮತಿಯ ತಾಯಿ ಪ್ರೇಮಕುಮಾರಿಗೆ ಹಾಸನದಲ್ಲಿ ಮೈ ಸರಿಯಿಲ್ಲ ಎಂದು ಆಗಾಗ ಕಾಗದ ಬರುತ್ತಿತ್ತು. ಮಗಳನ್ನು ಕರೆಸಿಕೊಳ್ಳಲು ಅದೊಂದು ನೆಪ ಎಂದು ಇವರು ಎಂದೋ ತೀರ್ಮಾನಿಸಿದ್ದರು.

ಸಾವಿರದ ಒಂಬೈನೂರ ಐವತ್ತೊಂಬತ್ತರ ಆಷಾಢದಲ್ಲಿ ಕೊಲಂಬೋದಿಂದ ಒಂದು ಕಾಗದ ಬಂತು. ಧನ್ಯಕುಮಾರನ ಜೊತೆ ಓದಿದ ದೇವರಾಜು ಎಂಬವನು ಅಲ್ಲಿ ಟೀ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ. ಜನವರಿಯಲ್ಲಿ ನಾಲ್ಕು ದಿನ ಬನ್ನಿ, ಊರೆಲ್ಲ ತೋರಿಸುತ್ತೇನೆ ಎಂದು ಬರೆದು, ಜೊತೆಗೆ ಸಮುದ್ರದ ದಡದ ಚಿತ್ರವಿದ್ದ ಒಂದು ಕಾರ್ಡು ಇಟ್ಟಿದ್ದ. ಅನಂತಮ್ಮ ಅದನ್ನು ಕೈಗೆತ್ತಿಕೊಂಡು, ಇಷ್ಟು ನೀರು ಕಟ್ಟಿಕೊಂಡು ಆ ಜನ ಏನು ಮಾಡುತ್ತಾರೋ ಎಂದರು. ಆಮೇಲೆ ಕಾರ್ಡನ್ನು ದೇವರ ಮನೆಗೆ ಒಯ್ದು ಶಾಸ್ತ್ರದ ಪುಸ್ತಕದೊಳಗೆ ಇಟ್ಟುಕೊಂಡರು. ದಿನಾ ಬೆಳಿಗ್ಗೆ ಆ ಪುಟ ತೆರೆದಾಗಲೆಲ್ಲ ಓದುವುದು ಸ್ವಲ್ಪ ತಡವಾಗುತ್ತಿತ್ತು.

ಅವರಿಗೆ ಹೋಗಬೇಕೆನ್ನಿಸಿತ್ತು. ಐವತ್ತಾರು ವರ್ಷದಲ್ಲಿ ಹೇಮಾವತಿಗಿಂತ ದೊಡ್ಡ ನೀರನ್ನು ಅವರು ಕಂಡಿರಲಿಲ್ಲ. ಆದರೆ ಸಮುದ್ರಕ್ಕಿಂತ ಹೆಚ್ಚಾಗಿ, ಮಗ ಸೊಸೆ ತಮ್ಮನ್ನು ಕರೆಯಬೇಕು ಎಂಬುದೇ ಅವರ ಆಸೆ. ಕೇಳಿಕೊಂಡು ಹೊರಡುವ ಜಾಯಮಾನ ಅವರದಲ್ಲ. ಕರೆದರೆ ಎರಡು ಸಲ ಬೇಡವೆನ್ನುವುದು, ಮೂರನೇ ಸಲ ಒಪ್ಪುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡು ಕಾದರು. ಒಂದು ವಾರ ಕಳೆಯಿತು, ಎರಡು ಕಳೆಯಿತು, ಯಾರೂ ಕರೆಯಲಿಲ್ಲ.

ಅಷ್ಟರಲ್ಲಿ ರಾಜೀಮತಿ ಒಂದು ನೋಟ್‌ಬುಕ್ಕು ಹಿಡಿದಿದ್ದಳು. ಹಾಸನದಿಂದ ಯಾರದೋ ಪ್ರವಾಸದ ಪುಸ್ತಕ ತರಿಸಿಕೊಂಡು, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಕೂತು ಗೆರೆ ಎಳೆಯುವಳು, ಪುಟ್ಟ ಚಿತ್ರ ಬಿಡಿಸುವಳು, ಬರೆಯುವಳು, ಹೊಡೆದು ಹಾಕುವಳು. ನಾಲ್ಕು ದಿನಕ್ಕೆ ನಾಲ್ಕು ಪುಟ. ಎಷ್ಟು ಗಂಟೆಗೆ ಎಲ್ಲಿ, ಅಲ್ಲಿಂದ ಮುಂದೆ ಎಲ್ಲಿಗೆ, ಯಾವ ಬಸ್ಸು, ಎಲ್ಲವೂ. ಅತ್ತೆಯ ಹೆಜ್ಜೆ ಸಪ್ಪಳ ಕೇಳಿದೊಡನೆ ಪುಸ್ತಕ ಮುಚ್ಚುವಳು. ಸುಮ್ಮನೆ ಬರೆಯುವವಳು ಮುಚ್ಚುವುದೇಕೆ ಎಂದು ಅನಂತಮ್ಮ ಅಡಿಗೆಮನೆಯಲ್ಲಿ ನಿಂತು ತಮ್ಮನ್ನೇ ಕೇಳಿಕೊಂಡರು.

ಮುಂದಿನ ವಾರ ಧನ್ಯಕುಮಾರ್ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋಗಿ, ಸ್ಟುಡಿಯೋದಲ್ಲಿ ಕೂರಿಸಿ ಫೋಟೋ ತೆಗೆಸಿದ. ಒಂದಿರಲಿ ಎಂದಷ್ಟೇ ಹೇಳಿದ. ಆ ಫೋಟೋ ಮನೆಗೇ ಬರಲಿಲ್ಲ. ವಯಸ್ಸಾದವಳ ಫೋಟೋ ಇವರಿಗೆ ಯಾತಕ್ಕೆ, ಗೋಡೆಗೆ ಹಾಕಲು ಈಗಲೇ ಸಿದ್ಧ ಮಾಡಿಕೊಂಡರೋ ಹೇಗೆ ಎಂದು ಅವರಿಗೆ ಅನ್ನಿಸಿತು. ಹತ್ತು ದಿನ ಬಿಟ್ಟು ಇಂಗ್ಲಿಷಿನ ಒಂದು ಫಾರಂ ಬಂತು. ಸರ್ಕಾರಿ ಕಾಗದ, ಇಲ್ಲೊಂದು ಸಹಿ ಹಾಕಮ್ಮ, ಏನಂತ ಆಮೇಲೆ ಹೇಳ್ತೀನಿ ಎಂದು ಮಗ ನಕ್ಕ.

"ಆಮೇಲೆ ಹೇಳೋದಾದ್ರೆ ಆಮೇಲೇ ಹಾಕ್ತೀನಿ ಬಿಡಪ್ಪ," ಎಂದು ಅನಂತಮ್ಮ ಫಾರಂ ಅನ್ನು ಮಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಂಗಡಿ ಇನ್ನೂ ಅವರ ಹೆಸರಿನಲ್ಲೇ ಇತ್ತು. ಈ ಕಾಗದಕ್ಕೂ ಅದಕ್ಕೂ ಸಂಬಂಧ ಇರಲೇಬೇಕು ಎಂದು ಅವರಿಗೆ ತೋರಿತು. ಧನ್ಯಕುಮಾರ್ ಮತ್ತೆ ಎರಡು ಸಲ ಕೇಳಿದ, ಎರಡು ಸಲವೂ ಅವರಿಗೆ ತಲೆನೋವು ಬಂತು.

ಅಂಗಡಿಯಲ್ಲಿ ಪಾತ್ರೆ ಉಜ್ಜುವ ಬೋರಪ್ಪ ಧರಣೇಂದ್ರಯ್ಯನವರ ಕಾಲದ ಆಳು. ಒಂದು ದಿನ ಹುಣಿಸೆಹಣ್ಣು ಹಚ್ಚಿ ಚೊಂಬು ತಿಕ್ಕುತ್ತ ಅವನು ಹೇಳಿದ ಮಾತು ಅನಂತಮ್ಮನ ನೆಮ್ಮದಿಯನ್ನು ಪೂರ್ತಿ ಕೆಡಿಸಿತು.

"ಕೊಲಂಬಕ್ಕೆ ಮೂರ್ ಜನ ಓಯ್ತಾರಂತೆ ಕಣವ್ವ. ಸಣ್ಣ ಯಜಮಾನ್ರು ಪೋಸ್ಟಾಪೀಸ್ ತಾವ ಏಳ್ತಿದ್ರು. ಮೂರ್ನೇವ್ರು ಯಾರೂಂತ ನಾನ್ ಕೇಳ್ನಿಲ್ಲ."

ಮೂರನೆಯವರು ಯಾರು? ಆ ಮಧ್ಯಾಹ್ನ ರಾಜೀಮತಿ ಬಾವಿಕಟ್ಟೆಗೆ ಹೋದಾಗ ಅನಂತಮ್ಮ ನೋಟ್‌ಬುಕ್ಕು ತೆಗೆದು ನೋಡಿದರು. ಅಕ್ಷರವೆಲ್ಲ ಇಂಗ್ಲಿಷು, ಒಂದೂ ಗೊತ್ತಾಗಲಿಲ್ಲ. ಆದರೆ ಅಂಕಿಯನ್ನು ಅವರಿಂದ ಮುಚ್ಚಿಡಲಾಗುವುದಿಲ್ಲ. ರೈಲಿನ ಚಿತ್ರದ ಪಕ್ಕ ಮೂರು, ಹಡಗಿನ ಪಕ್ಕ ಮೂರು, ಊಟದ ಎಲೆಯ ಪಕ್ಕ ಮೂರು. ತಮ್ಮನ್ನಂತೂ ಯಾರೂ ಕರೆದಿಲ್ಲ. ಅಂದಮೇಲೆ ಇನ್ನು ಯಾರಿರುತ್ತಾರೆ, ಹಾಸನದ ಬೀಗಿತ್ತಿ ಪ್ರೇಮಕುಮಾರಿಯೇ. ಮೈ ಸರಿಯಿಲ್ಲ ಎಂದು ಕಾಗದದ ಮೇಲೆ ಕಾಗದ ಹಾಕಿಸುವವಳು ಸಮುದ್ರ ದಾಟುವಷ್ಟು ಗಟ್ಟಿಯಾಗಿದ್ದಾಳೆ. ಹೆತ್ತ ತಾಯಿ ಅಂಗಡಿ ಕಾಯುತ್ತ ಕೂರಬೇಕು, ಅತ್ತೆಯನ್ನು ಮಗ ಹಡಗು ಹತ್ತಿಸಬೇಕು. ಈ ಯೋಚನೆ ಒಮ್ಮೆ ಬಂದ ಮೇಲೆ ಎಲ್ಲವೂ ಅದಕ್ಕೇ ಸರಿಹೊಂದುತ್ತ ಹೋಯಿತು. ಫೋಟೋ, ಫಾರಂ, ಮುಚ್ಚಿದ ಪುಸ್ತಕ, ಎಲ್ಲ. ಅಂಥ ಹೊತ್ತಿನಲ್ಲಿ ಅವರಿಗೆ ದುಃಖದ ಜೊತೆಗೆ ಒಂದು ಬಗೆಯ ಸಮಾಧಾನವೂ ಆಗುತ್ತಿತ್ತು. ನಾನು ಅಂದುಕೊಂಡಿದ್ದೇ ನಿಜವಾಯಿತಲ್ಲ ಎಂದು.

ಊರವರು ನಾಳೆ ಅನಂತಮ್ಮನನ್ನು ಬಿಟ್ಟು ಹೋದರಂತೆ ಎಂದು ಆಡಿಕೊಳ್ಳುತ್ತಾರೆ. ಅದನ್ನು ಕೇಳಿಸಿಕೊಂಡು ಪೇಟೆಯಲ್ಲಿ ಓಡಾಡುವುದು ಹೇಗೆ? ಬಿಟ್ಟು ಹೋದರು ಎನ್ನಿಸಿಕೊಳ್ಳುವುದರ ಬದಲು ತಾನೇ ಬರಲಾಗದವಳು ಎನ್ನಿಸಿಕೊಂಡುಬಿಟ್ಟರೆ? ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ಬೆಳಿಗ್ಗೆ ಅವರು ಶ್ರವಣಬೆಳಗೊಳದ ಬಸ್ಸು ಹತ್ತಿದರು.

ಬೆಳಗೊಳದ ಪಕ್ಕದ ಜಿನನಾಥಪುರ ಅವರ ತವರು. ಅಲ್ಲಿಯ ಬಸದಿಯಲ್ಲಿ ಆ ಮಳೆಗಾಲ ಮುನಿಗಳೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಅನಂತಮ್ಮ ನಮೋಸ್ತು ಹೇಳಿ, ತಮಗೆ ದಿಗ್ವ್ರತ ಬೇಕೆಂದು ಕೇಳಿಕೊಂಡರು. ಜೀವ ಇರುವವರೆಗೆ ಯಾವ ದಿಕ್ಕಿನಲ್ಲಿ ಎಲ್ಲಿಯ ತನಕ ಹೋಗಬಹುದೆಂದು ಎಲ್ಲೆ ಕಟ್ಟಿಕೊಳ್ಳುವ ವ್ರತ ಅದು. ಒಮ್ಮೆ ಕಟ್ಟಿಕೊಂಡರೆ ಆಚೆಗೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ, ಎಲ್ಲೆಯನ್ನು ದೂರ ಸರಿಸುವಂತೆಯೂ ಇಲ್ಲ. ಅವರು ಎಲ್ಲವನ್ನೂ ಮೊದಲೇ ಯೋಚಿಸಿಕೊಂಡು ಬಂದಿದ್ದರು. ಬಡಗಲಿಗೆ ಹಿಮಾಲಯ, ಮೂಡಲಿಗೆ ಸಮ್ಮೇದ ಶಿಖರ, ಪಡುವಲಿಗೆ ಗಿರಿನಾರ. ಒಂದು ತೀರ್ಥಯಾತ್ರೆಗೂ ಅಡ್ಡಿಯಿಲ್ಲ. ತೆಂಕಲಿಗೆ ಮಾತ್ರ ಮದುರೆ.

ಮುನಿಗಳು ಅವರ ಮುಖ ನೋಡಿದರು. "ಸಿಟ್ಟಿನಲ್ಲೇನಾದರೂ ಬಂದಿದ್ದೀಯಾ ಅಮ್ಮಾ? ಹಾಗಿದ್ದರೆ ಇವತ್ತು ಬೇಡ, ನಾಳೆ ಬಾ," ಎಂದರು.

ಇವರಿಗೆ ಯಾರು ಹೇಳಿಕೊಟ್ಟರು ಎಂದು ಅನಂತಮ್ಮನಿಗೆ ಅಲ್ಲಿಯೂ ಅನುಮಾನ ಬಂತು. ಸಿಟ್ಟೇನೂ ಇಲ್ಲ ಎಂದು ಕೈಮುಗಿದು ವ್ರತ ತೆಗೆದುಕೊಂಡರು.

ಅಂದು ಸಂಜೆ ಮನೆಯಲ್ಲಿ ಊಟಕ್ಕೆ ಮೂವರೂ ಕೂತಿದ್ದರು. ಇನ್ನೂ ಬಿಸಿಲಿತ್ತು. ಅನಂತಮ್ಮ ಅನ್ನ ಕಲಸುತ್ತ, ಏನೂ ಅಲ್ಲವೆಂಬಂತೆ ವಿಷಯ ಹೇಳಿದರು. ದಿಗ್ವ್ರತ ತಗೊಂಡು ಬಂದೆ, ಇನ್ನು ಮದುರೆಯಿಂದ ಆಚೆಗೆ ನಾನು ಬರುವ ಹಾಗಿಲ್ಲ, ನೀವು ಯಾರನ್ನು ಬೇಕಾದರೂ ಕರೆದುಕೊಂಡು ಹೋಗಿ ಎಂದರು. ಮಗನ ಮುಖ ಪೆಚ್ಚಾಗುತ್ತದೆ, ಸೊಸೆಯ ಮುಖ ಒಳಗೊಳಗೇ ಅರಳುತ್ತದೆ ಎಂದು ಅವರ ಲೆಕ್ಕ. ಮಗನ ಮುಖ ಪೆಚ್ಚಾಯಿತು. ರಾಜೀಮತಿ ಮಾತ್ರ ಎಲೆಯ ಮುಂದಿನಿಂದ ಎದ್ದು ಕೈ ತೊಳೆದುಕೊಂಡು ಒಳಗೆ ಹೋದಳು, ನೋಟ್‌ಬುಕ್ಕು ತಂದಳು, ನಿಂತುಕೊಂಡೇ ಓದತೊಡಗಿದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿಕೊಂಡು ಹೋದಳು.

ಮೊದಲನೆಯ ದಿನ ಕೆಲನಿಯ ದೇವಾಲಯ, ಕೋಟೆ ಬೀದಿ. ಸಂಜೆ ಐದಕ್ಕೆ ಊಟ, ಅಲ್ಲಿ ಆರು ದಾಟಿದ ಮೇಲೆ ಹೊತ್ತು ಮುಳುಗುತ್ತದೆ. ಊಟ ಹೋಟೆಲಿನಲ್ಲಲ್ಲ, ಪೇಟೆಯಲ್ಲಿ ಗುಜರಾತಿನ ಜೈನರದೊಂದು ಮನೆಯಿದೆ, ಗೆಡ್ಡೆ ಗೆಣಸು ಹಾಕದೆ ಮಾಡಿಕೊಡುತ್ತಾರೆ, ದೇವರಾಜು ಹೋಗಿ ಕೇಳಿ ಬಂದಿದ್ದಾನೆ. ಎರಡನೆಯ ದಿನ ಮ್ಯೂಸಿಯಂ ಎಂದಿದ್ದುದನ್ನು ಹೊಡೆದು ಹಾಕಿತ್ತು, ಮಹಡಿ ಹತ್ತಬೇಕು, ಅತ್ತೆಗೆ ಮಂಡಿ ನೋವು. ಮೃಗಾಲಯವನ್ನೂ ಹೊಡೆದು ಹಾಕಿತ್ತು, ಪ್ರಾಣಿಗಳನ್ನು ಬೋನಿನಲ್ಲಿ ನೋಡಿದರೆ ಅತ್ತೆ ಅವತ್ತು ಊಟ ಮಾಡುವುದಿಲ್ಲ. ಮೂರನೆಯ ದಿನದ ಪುಟದಲ್ಲಿ ಒಂದೇ ಸಾಲು. ಬೆಳಿಗ್ಗೆಯಿಂದ ಸಂಜೆಯವರೆಗೆ ಸಮುದ್ರ, ಅತ್ತೆಗೆ ಸಾಕೆನ್ನಿಸುವ ತನಕ.

ಅದು ಪಾಸ್‌ಪೋರ್ಟಿನ ಫೋಟೋ, ಅದು ಪಾಸ್‌ಪೋರ್ಟಿನ ಫಾರಂ ಎಂದು ಧನ್ಯಕುಮಾರ್ ತಲೆ ತಗ್ಗಿಸಿಕೊಂಡೇ ಹೇಳಿದ. ಮೊದಲೇ ಹೇಳಿದರೆ ಅಮ್ಮ ನೂರೆಂಟು ಅಡ್ಡಿ ತೆಗೆಯುತ್ತಾರೆ, ಎಲ್ಲ ಸಿದ್ಧವಾದ ಮೇಲೆ ಹೇಳೋಣ ಎಂದು ತಾನೇ ಹೆಂಡತಿಯ ಬಾಯಿ ಕಟ್ಟಿದ್ದನಂತೆ. ಆದರೆ ಅತ್ತೆಯನ್ನು ಕರೆದುಕೊಂಡು ಹೋಗಲೇಬೇಕು ಎಂದವಳು ಅವಳೇ. ಶಾಸ್ತ್ರದ ಪುಸ್ತಕದಲ್ಲಿದ್ದ ಕಾರ್ಡನ್ನು ಅವಳು ಎಂದೋ ನೋಡಿದ್ದಳು.

ಅನಂತಮ್ಮ ಕಲಸಿದ ಅನ್ನವನ್ನು ಎಲೆಯ ಬದಿಗೆ ಸರಿಸಿದರು. ಅವರು ಯಾರ ಮುಂದೆಯೂ ತಪ್ಪು ಒಪ್ಪಿಕೊಂಡವರಲ್ಲ. ಆವತ್ತು ಒಪ್ಪಿಕೊಂಡರು.

"ನನಗೆ ಗೊತ್ತಿರಲಿಲ್ಲ ಕಣಮ್ಮ. ಮೂರನೆಯವರು ನಿಮ್ಮಮ್ಮ ಅಂದ್ಕೊಂಡೆ."

"ನಮ್ಮಮ್ಮ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು ಅತ್ತೆ. ನಿಮಗೆ ಗೊತ್ತಿಲ್ಲದ ವಿಷಯವಾ ಅದು?" ರಾಜೀಮತಿಯ ದನಿ ಏರಲಿಲ್ಲ. "ಫೋಟೋ ತೆಗೆಸಿದ್ದು ಗೊತ್ತಿತ್ತು, ಕಾಗದಕ್ಕೆ ಸಹಿ ಕೇಳಿದ್ದು ಗೊತ್ತಿತ್ತು. ನನ್ನ ಜೊತೆ ಬರೋಕೆ ಇಷ್ಟ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ನಾನು ಬಲವಂತ ಮಾಡ್ತಿರಲಿಲ್ಲ."

"ಹಾಗಲ್ಲ ಕಣೇ. ಬರಬೇಕು ಅಂತ ನನಗೆ ತುಂಬ ಆಸೆ ಇತ್ತು."

ರಾಜೀಮತಿ ಅವರನ್ನು ನೋಡಿದಳು. ಅಂಗಡಿಯಲ್ಲಿ ಹೊಸ ಕೊಳಗ ಹಿಡಿದು ತಂದವರನ್ನು ಅನಂತಮ್ಮ ಎಷ್ಟೋ ವರ್ಷ ಹಾಗೆಯೇ ನೋಡಿದ್ದರು. "ಇರಲಿ ಬಿಡಿ ಅತ್ತೆ," ಎಂದು ಅವಳು ಎಲೆಗಳನ್ನು ಎತ್ತಿದಳು.

ಅನಂತಮ್ಮ ಇನ್ನೂ ಏನೇನೋ ಹೇಳಿದರು. ಹೇಳಿದಷ್ಟೂ ಅದು ಸುಳ್ಳಿನ ಹಾಗೆಯೇ ಕೇಳಿಸುತ್ತಿದೆ ಎಂದು ಅವರಿಗೇ ತಿಳಿಯುತ್ತಿತ್ತು. ಆಡಿದ ಮಾತನ್ನು ಇನ್ನೊಬ್ಬರು ನಂಬುವಂತೆ ಮಾಡುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಪ್ರಯಾಣ ಬೇಡವೆಂದು ಧನ್ಯಕುಮಾರ್ ಹಟ ಹಿಡಿದ. ಅನಂತಮ್ಮ ಅದಕ್ಕಿಂತ ದೊಡ್ಡ ಹಟ ಹಿಡಿದು ಜನವರಿಯಲ್ಲಿ ಇಬ್ಬರನ್ನೂ ಕಳಿಸಿಕೊಟ್ಟರು. ಊರಿನಲ್ಲಿ ಅವರ ವ್ರತದ ಸುದ್ದಿ ಹಬ್ಬಿತ್ತು. ಬಸದಿಯಲ್ಲಿ ಹೆಂಗಸರು ಎದ್ದು ಜಾಗ ಬಿಟ್ಟುಕೊಟ್ಟರು. ಮಗ ಕರೆದರೂ ಹಡಗು ಹತ್ತದ ಧರ್ಮಾತ್ಮೆ ಎಂದು ಮುದುಕರು ಹೊಗಳಿದರು. ಆ ಹೊಗಳಿಕೆಯನ್ನು ಕೇಳಿಸಿಕೊಂಡು ಸುಮ್ಮನಿರುವುದು ಅವರಿಗೆ ಬಹಳ ಕಷ್ಟವಾಯಿತು.

ಹನ್ನೆರಡು ದಿನದ ಮೇಲೆ ಮಗ ಸೊಸೆ ಹಿಂದಿರುಗಿದರು. ರಾಜೀಮತಿ ಎಂದಿನಂತೆ ಬಡಿಸಿದಳು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಕೆಲನಿಯ ಹೇಗಿತ್ತು, ಕೋಟೆ ಬೀದಿಯಲ್ಲಿ ಏನಿತ್ತು, ಗುಜರಾತಿನವರು ಏನು ಬಡಿಸಿದರು. ಅನಂತಮ್ಮ ತಡೆಯಲಾರದೆ ಕೊನೆಗೆ ಕೇಳಿದರು.

"ಮೂರನೇ ದಿನ?"

"ಮೂರನೇ ದಿನ ದೇವರಾಜು ಅವರ ಮನೆಯಲ್ಲೇ ಇದ್ವಿ ಅತ್ತೆ. ಅವತ್ತಿಗೆ ಬೇರೆ ಏನೂ ಬರ್ಕೊಂಡಿರಲಿಲ್ಲವಲ್ಲ."

ಅನಂತಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದರು. ಇಬ್ಬರೂ ದಡದಲ್ಲಿ ಕೂತು ನಕ್ಕು ನಲಿದು ಬಂದು ಈಗ ಸುಳ್ಳು ಹೇಳುತ್ತಿದ್ದಾರೆ ಎಂದು ಅನುಮಾನಪಡಲು ತಮ್ಮಿಂದಾದಷ್ಟು ಪ್ರಯತ್ನಪಟ್ಟರು. ಆಗಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು.