ಬೂದಿ ಬಣ್ಣದ ಎರಡು ಸೀರೆ

ಅಪ್ಪ ತೀರಿಕೊಂಡ ವರ್ಷ ಅವ್ವನನ್ನು ಮಧುಗಿರಿಗೆ ಕರೆತಂದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ದಿನಗಳವು. ಅಲ್ಲಿ ಒಂದು ಕಚೇರಿಯಲ್ಲಿ ನಾನು ಗುಮಾಸ್ತ; ಇನ್ನೂ ಮದುವೆಯಾಗಿರಲಿಲ್ಲ. ಚನ್ನರಾಯನದುರ್ಗದ ಆಚೆಗಿನ ನಮ್ಮ ಹಟ್ಟಿಯಲ್ಲಿ ಎಲ್ಲರೂ ಕುರಿ ಕಾಯುವವರು. ಮೇಜು ಕುರ್ಚಿಯ ಕೆಲಸಕ್ಕೆ ಬಂದವನು ನಾನೊಬ್ಬನೇ. ಆ ಹೆಮ್ಮೆ ನನ್ನ ತಲೆಯಲ್ಲಿ ತುಸು ಜಾಸ್ತಿಯೇ ಇತ್ತು.

ಹಟ್ಟಿಯಲ್ಲಿ ಅವ್ವ ಉಡುತ್ತಿದ್ದದ್ದು ಗಾಢ ಬಣ್ಣಗಳನ್ನೇ. ಗಿಳಿ ಹಸಿರು, ಹಳದಿ ಅಂಚಿನ ನೇರಳೆ, ಎಲ್ಲಕ್ಕಿಂತ ಹೆಚ್ಚಾಗಿ ದಾಳಿಂಬೆ ಕೆಂಪು. ಬಂಡೆ, ಒಣಹುಲ್ಲು, ಕರಿ ಕುರಿ, ಕರಿ ಕಂಬಳಿಗಳ ನಡುವೆ ಅವ್ವ ಎಲ್ಲಿದ್ದಾಳೆಂದು ಮೈಲಿ ದೂರದಿಂದಲೇ ಗೊತ್ತಾಗುತ್ತಿತ್ತು. ಗಂಡ ಸತ್ತವಳು ಬಣ್ಣ ಬಿಡಬೇಕೆಂಬ ಕಟ್ಟಳೆ ನಮ್ಮ ಹಟ್ಟಿಯಲ್ಲಿರಲಿಲ್ಲ. ಅಪ್ಪನ ಕಾರ್ಯ ಮುಗಿದ ಮರುದಿನ ಅವಳು ಕೆಂಪು ಸೀರೆಯಲ್ಲೇ ಕುರಿಮರಿಗಳಿಗೆ ಸೊಪ್ಪು ಹಾಕಿದ್ದಳು. ಅಳುತ್ತಲೇ ಹಾಕಿದ್ದಳು.

ನಾನು ಬಾಡಿಗೆಗಿದ್ದ ಬೀದಿಯ ರೀತಿ ಬೇರೆ. ಅಲ್ಲಿನ ವಿಧವೆಯರು ಮಾಸಲು ಬಣ್ಣ ಉಟ್ಟು ನಡುಮನೆಯಲ್ಲೇ ಉಳಿಯುತ್ತಿದ್ದರು. ಮರ್ಯಾದಸ್ಥರ ಮನೆ ಎಂದರೆ ಹೀಗಿರಬೇಕು ಅಂದುಕೊಂಡೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಅಂಗಡಿಗೆ ಹೋಗಿ ಬೂದಿ ಬಣ್ಣದ ಎರಡು ಸೀರೆ ತಂದು ಅವ್ವನ ಮುಂದಿಟ್ಟೆ.

"ಇಲ್ಲೆಲ್ಲಾ ಇಂಥವೇ ಉಡ್ತಾರೆ ಕಣವ್ವ" ಎಂದೆ.

ಅವ್ವ ಸೆರಗನ್ನು ಬೆರಳಲ್ಲಿ ಸವರಿ, "ಆಗ್ಲೇಳು" ಎಂದಳು.

ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎನ್ನುತ್ತಾರೆ. ನರಿಯೇ ವಾಸಿ, ತನ್ನ ಮೈಮೇಲೆ ಹಾಕಿಕೊಂಡಿತು. ನಾನು ಅವ್ವನ ಮೈಮೇಲೆ ಹಾಕಿದೆ.

ಮುದ್ದೆ ತೊಳಸುವಾಗ ಅವಳು ಗುನುಗುತ್ತಿದ್ದ ಪದ ಮೊದಲು ನಿಂತಿತು. ಆಮೇಲೆ ಜಗುಲಿಗೆ ಬರುವುದು ನಿಂತಿತು. ಉಣ್ಣುವ ಮುದ್ದೆ ಅರ್ಧಕ್ಕಿಳಿಯಿತು. ಅಪ್ಪನ ಕೊರಗು ಎಂದುಕೊಂಡು ಡಾಕ್ಟರ ಬಳಿ ಕರೆದೊಯ್ದೆ. ಅವರು ಒಂದು ಕೆಂಪು ಟಾನಿಕ್ ಕೊಟ್ಟರು. ಕುಡಿಯುವ ಮುಂಚೆ ಅವ್ವ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡುತ್ತಿದ್ದಳು. ಎಷ್ಟು ಉಳಿದಿದೆ ಎಂದು ನೋಡುತ್ತಾಳೆ ಅಂತ ನಾನು ತಿಳಿದಿದ್ದೆ. ಬಣ್ಣಕ್ಕೂ ಹಸಿವಿಗೂ ಸಂಬಂಧವಿದೆ ಎಂದು ಯಾರಾದರೂ ಹೇಳಿದ್ದರೆ ಆಗ ನಕ್ಕುಬಿಡುತ್ತಿದ್ದೆ. ಹೀಗೇ ಎರಡು ವರ್ಷ ಕಳೆಯಿತು. ಇವಳೂ ಅಪ್ಪನ ಹಿಂದೆಯೇ ಹೊರಟುಬಿಡುತ್ತಾಳೆ ಎಂಬ ಭಯ ನನಗೆ ಹಿಡಿದಿತ್ತು.

ಮೂರನೆಯ ವರ್ಷ ಅವ್ವನ ತಂಗಿ ಹಟ್ಟಿಯಿಂದ ಬಂದಳು. ಅವಳೂ ಗಂಡನನ್ನು ಕಳೆದುಕೊಂಡವಳೇ. ಮೈಮೇಲೆ ಕುಂಕುಮದ ಬಣ್ಣದ ಸೀರೆ, ಕೈತುಂಬ ಹಸಿರು ಬಳೆ. ನಾನು ಕೋಣೆಯಲ್ಲಿ ಅಂಗಿ ಇಸ್ತ್ರಿ ಮಾಡುತ್ತಿದ್ದೆ. ಅಡುಗೆಮನೆಯಲ್ಲಿ ಅಕ್ಕತಂಗಿಯರ ಮಾತು ಕೇಳಿಸಿತು.

"ಯಾಕಕ್ಕ, ಇಂಗೆ ಬೂದಿ ಬಳ್ಕಂಡಂಗೆ ಕುಂತಿದ್ದೀಯ? ನಿನ್ ಕೆಂಪು ಸೀರೆ ಎಲ್ಲೋದ್ವು?"

"ಪೆಟ್ಟಿಗೇಲವೆ" ಎಂದಳು ಅವ್ವ.

"ಉಡಕ್ಕೇನಾಗದೆ?"

"ಮಗ ಆಪೀಸಿನಾಗವ್ನೆ ಕಣೆ. ನಾನ್ ಕೆಂಪು ಉಟ್ಕಂಡು ಬಾಗ್ಲಾಗೆ ಕುಂತ್ರೆ ಅವ್ನ ಮರ್ವಾದೆ ಏನಾದಾತು? ಒಂದೊಂದ್ ಸಲ ಉಸ್ರು ಕಟ್ದಂಗಾಯ್ತದೆ. ಇರ್ಲಿ ಬುಡು, ನನ್ನಿಂದ ಅವ್ನು ತಲೆ ತಗ್ಗಿಸ್ಬಾರ್ದು."

ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಅವಳ 'ಆಗ್ಲೇಳು' ಎಂಬ ಮಾತನ್ನು ನಾನು ಮನಸಾರೆ ಕೊಟ್ಟ ಒಪ್ಪಿಗೆ ಎಂದುಕೊಂಡಿದ್ದೆ. ನನ್ನ ಮಾತನ್ನು ಅವಳು ಅಪ್ಪಣೆ ಎಂದುಕೊಂಡಿದ್ದಳು.

ಮುಂದಿನ ವಾರ ಕಚೇರಿ ಕೆಲಸಕ್ಕೆ ಸಿರಾಕ್ಕೆ ಹೋದವನು ದಾಳಿಂಬೆ ಕೆಂಪಿನ ಹೊಸ ಸೀರೆಯೊಂದನ್ನು ಆರಿಸಿದೆ.

"ಯಾರ್ಗೆ ಸಾಬ್, ಮದುವೆ ಹೆಣ್ಣಿಗಾ?" ಎಂದು ಅಂಗಡಿಯವರು ಕೇಳಿದರು.

"ನಮ್ಮವ್ವನಿಗೆ" ಎಂದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನೋಡಲಿ ಬಿಡು ಅನ್ನಿಸಿತು.

ಮನೆಗೆ ಬಂದು ಸೀರೆಯನ್ನು ಅವಳ ಮಡಿಲಲ್ಲಿಟ್ಟು, "ನಂದು ತಪ್ಪಾಯ್ತವ್ವ. ಇನ್ಮೇಲೆ ನಿಂಗೆ ಇಷ್ಟ ಬಂದಿದ್ದು ಉಟ್ಕ" ಎಂದೆ. ಅವ್ವ ಅದನ್ನು ಮುಖಕ್ಕೆ ಒತ್ತಿಕೊಂಡಳು. ಎಷ್ಟೋ ದಿನಗಳ ಮೇಲೆ ನಕ್ಕಳು.

"ಬಲು ಸಂದಾಗದೆ ಮಗ. ನೀನು ಆಪೀಸಿಗೆ ಹೋದ್ಮೇಲೆ ಉಟ್ಕತೀನಿ."

ಮರುದಿನ ಸಂಜೆ ನಾನು ಬಂದಾಗ ಬೂದಿ ಬಣ್ಣದ ಸೀರೆಯಲ್ಲೇ ಇದ್ದಳು. ಆದರೆ ಮುಖದಲ್ಲಿ ಕಳೆಯಿತ್ತು, ಪೂರ್ತಿ ಮುದ್ದೆ ಉಂಡಳು. ಹಗಲೆಲ್ಲ ಕೆಂಪು ಉಟ್ಟಿದ್ದು, ನಾನು ಬರುವ ಹೊತ್ತಿಗೆ ಬದಲಿಸಿದ್ದಾಳೆಂದು ಗೊತ್ತಾಯಿತು. ಒಂದು ವಾರ ಹೀಗೇ ನಡೆಯಿತು. ನಾನು ಎಷ್ಟು ಹೇಳಿದರೂ ಹೂಂ ಎನ್ನುತ್ತಿದ್ದಳು, ಅಷ್ಟೆ.

ಆಮೇಲೆ ಒಂದು ದಿನ ರಜೆ ಹಾಕಿ, ನನ್ನೆದುರೇ ಉಡಲಿ ಎಂದು ಜಗುಲಿಯಲ್ಲಿ ಕುಳಿತೆ. ಅವ್ವ ಕಸ ಗುಡಿಸಿದಳು, ನೀರು ತಂದಳು, ಸಾರಿಗಿಟ್ಟಳು. ಮತ್ತೆ ಮತ್ತೆ ಬಾಗಿಲಿಗೆ ಬಂದು ನನ್ನನ್ನು ನೋಡಿ ಒಳಗೆ ಹೋದಳು. ಮಧ್ಯಾಹ್ನವಾಯಿತು. ಮೈಮೇಲೆ ಅದೇ ಬೂದಿ ಬಣ್ಣ. ಕೊನೆಗೆ ಹೊಸ್ತಿಲ ಬಳಿ ನಿಂತು ಮೆಲ್ಲಗೆ ಕೇಳಿದಳು:

"ಇವತ್ತು ಆಪೀಸಿಗೆ ಹೋಗಲ್ವಾ ಮಗ?"